ಅಕ್ಕ ಹೇಳಿದ ಸೊನ್ನೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಾಂಡ್ರಿಯ ಬಿಸಿಗಾಳಿ ಮುಖಕ್ಕೆ ಹೊಡೆಯುವ ಕಾರಿಡಾರಿನ ತುದಿಗೆ, ಥೈರಾಯ್ಡ್ ಅಳೆಯುವ ಕೋಣೆ. ಅಲ್ಲಿ ಇಬ್ಬರೇ ಟೆಕ್ನಿಷಿಯನ್‌ಗಳು. ದೊಡ್ಡವಳನ್ನು ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರೂ ಅಕ್ಕ ಅನ್ನುತ್ತಿದ್ದರು. ಚಿಕ್ಕವಳಿಗೆ ಮರಿ ಅಂತ ಹೆಸರಿಟ್ಟವಳು ಅಕ್ಕನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಎಲ್ಲಿ ಹೋದರೂ ಅಕ್ಕನ ಹಿಂದೆ ಹಿಂದೆಯೇ ಸುತ್ತುತ್ತಿದ್ದಳಲ್ಲ, ಅದಕ್ಕೆ. ಈಗ ಮರಿಗೇ ಒಂದು ಮರಿ ಹುಟ್ಟಿ ಎಂಟು ತಿಂಗಳಾಗಿತ್ತು. ಹೆಸರು ಮಾತ್ರ ಅಂಟಿಕೊಂಡದ್ದು ಅಂಟಿಕೊಂಡೇ ಇತ್ತು.

ಕೋಣೆಯಲ್ಲಿ ಒಂದು ಕಂಬ, ಕಂಬಕ್ಕೆ ಅಡ್ಡಲಾಗಿ ದಪ್ಪನೆಯ ಲೋಹದ ಕೊಳವೆ. ಕಂಪನಿಯವರು ಅದಕ್ಕೆ ಏನೋ ಉದ್ದದ ಹೆಸರಿಟ್ಟಿದ್ದರು, ಇವರಿಬ್ಬರಿಗೆ ಅದು ಸೊಂಡಿಲು. ರೋಗಿ ಇವತ್ತು ವಿಕಿರಣ ಸೂಸುವ ಅಯೋಡಿನ್ ಗುಳಿಗೆಯೊಂದನ್ನು ನುಂಗಬೇಕು, ನಾಳೆ ಬಂದು ಕುರ್ಚಿಯಲ್ಲಿ ಗದ್ದ ಎತ್ತಿ ಕೂರಬೇಕು. ಸೊಂಡಿಲು ಕುತ್ತಿಗೆಗೆ ಮುಖ ಮಾಡಿ, ಅಲ್ಲಿರುವ ಗ್ರಂಥಿ ಎಷ್ಟು ಅಯೋಡಿನ್ ಹೀರಿಕೊಂಡಿದೆ ಅಂತ ಎಣಿಸುತ್ತದೆ. ಆಮೇಲೆ ತೊಡೆಯ ಮೇಲೊಂದು ಎಣಿಕೆ, ಮೈಯಲ್ಲಿ ಸುಮ್ಮನೆ ಓಡಾಡಿಕೊಂಡಿರುವುದನ್ನು ಕಳೆಯುವುದಕ್ಕೆ. ಹೋಲಿಸಿ ನೋಡಲು ಪ್ಲಾಸ್ಟಿಕ್ಕಿನ ಕುತ್ತಿಗೆಯೊಂದಿತ್ತು, ಅಂಥದ್ದೇ ಗುಳಿಗೆಯನ್ನು ಅದರೊಳಗಿಟ್ಟು ಅಳೆಯುವುದು. ಅದಕ್ಕೆ ಮಾವನೋರು ಅಂತ ಹೆಸರು. ಕೂತಲ್ಲೇ ಕೂತಿರುತ್ತಾರೆ, ಕೆಮ್ಮುವುದಿಲ್ಲ, ಮಾತಾಡುವುದಿಲ್ಲ, ಆದರೂ ಬಂದವರನ್ನೆಲ್ಲ ಅವರ ಜೊತೆ ಹೋಲಿಸಲೇಬೇಕು ನೋಡಿ.

ಪಕ್ಕದ್ದು ಬಾಟಲಿ ಕೋಣೆ. ಕಾಯಿಲೆ ಜೋರಾದವರಿಗೆ ಕುಡಿಸುವ ಔಷಧಿ, ಅದೂ ಅಯೋಡಿನ್ನೇ, ನೀರಿನ ರೂಪದಲ್ಲಿ ಸೀಸದ ಡಬ್ಬಿಯೊಳಗೆ ಕೂತು ಬರುತ್ತಿತ್ತು. ಅಪಾಯವೆಲ್ಲ ಆ ಬಾಟಲಿಯ ಮುಚ್ಚಳ ತೆಗೆಯುವ ಗಳಿಗೆಯಲ್ಲಿ. ಕಣ್ಣಿಗೆ ಕಾಣದ ಆವಿ ಏಳುತ್ತದೆ, ಮೂಗಿಗೆ ಹೋದರೆ ನೆಟ್ಟಗೆ ಕುತ್ತಿಗೆಯ ಗ್ರಂಥಿಗೆ ಹೋಗಿ ಮನೆ ಮಾಡಿಕೊಳ್ಳುತ್ತದೆ. ಅದಕ್ಕೇ ಗಾಜಿನ ಗೂಡಿನೊಳಗೆ ಕೈ ತೂರಿಸಿ ತೆಗೆಯಬೇಕು. ಗೂಡಿನ ಮೇಲಿನ ಫ್ಯಾನು ಆವಿಯನ್ನು ಎಳೆದುಕೊಳ್ಳುತ್ತದೆ. ಎಳೆದುಕೊಳ್ಳಬೇಕು, ಅಂತ ಹೇಳುವುದು ಸರಿ.

ಇಷ್ಟೆಲ್ಲ ಕಟ್ಟುನಿಟ್ಟು ಇದ್ದರೂ ಒಂದು ಪರೀಕ್ಷೆ ತಪ್ಪುತ್ತಿರಲಿಲ್ಲ. ಬಾಟಲಿ ತೆಗೆದವರು ಮಾರನೆಯ ದಿನ ತಾವೇ ಆ ಕುರ್ಚಿಯಲ್ಲಿ ಕೂರಬೇಕು, ಇನ್ನೊಬ್ಬರು ಅಳೆಯಬೇಕು. ಸ್ಕ್ರೀನ್ ಇರುವುದು ಮರೆಗೋಡೆಯ ಹಿಂದೆ, ಕೂತವರಿಗೆ ಕಾಣುವುದಿಲ್ಲ.

"ಕುತ್ತಿಗೆ ಕೊಡೇ," ಅನ್ನುತ್ತಿದ್ದಳು ಅಕ್ಕ.

"ತಗೊಳ್ಳಿ. ಕೆಲಸ ಆದ ಮೇಲೆ ವಾಪಸ್ ಕೊಡಿ, ಮನೇಲಿ ಬೇಕಾಗುತ್ತೆ."

ಸೊಂಡಿಲು ಎಣಿಸುವಷ್ಟು ಹೊತ್ತು ಇಬ್ಬರೂ ಬಾಯಿ ಮುಚ್ಚಿಕೊಂಡಿರಬೇಕು, ಅದು ಇಬ್ಬರಿಗೂ ಬಲು ಕಷ್ಟದ ಕೆಲಸ. ಆಮೇಲೆ ಕೂತವಳು ಕೇಳುವುದು, "ಎಷ್ಟು?" ಮರೆಯಿಂದ ಬರುವ ಉತ್ತರ, "ಸೊನ್ನೆ." ವರ್ಷಗಟ್ಟಲೆ ಇದೇ ಮಾತು. ಯಾರೂ ಎದ್ದು ಹೋಗಿ ಸ್ಕ್ರೀನ್ ನೋಡಿದವರಲ್ಲ. ನೋಡಿದರೆ ನಂಬಿಕೆ ಇಲ್ಲ ಅಂದ ಹಾಗಾಗುತ್ತದಲ್ಲ.

ಹೆರಿಗೆ ರಜೆ ಮುಗಿಸಿ ಮರಿ ಕೆಲಸಕ್ಕೆ ಬಂದ ದಿನ ಅಕ್ಕ ಮೊದಲು ಹೇಳಿದ್ದೇ ಅದು. "ಹಾಲು ಕುಡಿಸೋ ತನಕ ಬಾಟಲಿ ಕೋಣೆ ಕಡೆ ತಲೆ ಹಾಕಬೇಡ. ನಿನ್ನ ಮೈಗೆ ಹೋದದ್ದು ಹಾಲಿಗೆ ಹೋಗುತ್ತೆ, ಹಾಲಿಗೆ ಹೋದದ್ದು ಮಗುವಿಗೆ. ಬಾಟಲಿ ನನಗಿರಲಿ." ಮಧ್ಯಾಹ್ನ ಎದೆ ಕಟ್ಟಿಕೊಂಡು ಮರಿ ಒದ್ದಾಡುವಾಗ, ಹೊದಿಕೆ ದಿಂಬು ತುಂಬಿಡುವ ಉಗ್ರಾಣದೊಳಗೆ ಅವಳನ್ನು ಕಳಿಸಿ, ಚಿಲಕವಿಲ್ಲದ ಆ ಬಾಗಿಲಿಗೆ ತಾನೇ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಯಾರಾದರೂ ದಿಂಬು ಕೇಳಿಕೊಂಡು ಬಂದರೆ, "ದಿಂಬು ಇಲ್ಲ, ಕೈ ಮಡಚಿಕೊಂಡು ಮಲಗಿ," ಅಂತ ಗದರಿ ಕಳಿಸುವಳು. ಒಳಗೆ ಮರಿ ಹಾಲು ಹಿಂಡಿಕೊಳ್ಳುತ್ತ ನಗುವಳು. ಹಾಲಿನ ಬಾಟಲಿ ಸ್ಟಾಫ್ ಫ್ರಿಜ್ಜಿಗೆ, ಸಂಜೆ ಮನೆಗೆ.

ಹೀಗಿರುವಾಗ ಹಿಂದಿನ ವಾರ ಅಕ್ಕ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು. ಉಳುಕಿದೆ, ಮುಚ್ಚಳ ತಿರುಗಿಸಲಾಗದು. ಔಷಧಿಗೆ ರೋಗಿಗಳು ಕಾದಿದ್ದಾರೆ. "ಇದೊಂದು ಸಲ ಕಣೇ. ಫ್ಯಾನು ಹೊಸದು ಹಾಕಿಸಿದ್ದೀನಿ, ಬಿರುಗಾಳಿ ಹಾಗೆ ಎಳೆಯುತ್ತೆ. ನಾನಿಲ್ವಾ?" ಅಕ್ಕ ಇದ್ದಾಳಲ್ಲ ಅಂತ ಮರಿ ಗೂಡಿನೊಳಗೆ ಕೈ ತೂರಿಸಿದಳು. ಮಾರನೆಯ ದಿನ ಕುರ್ಚಿಯಲ್ಲಿ ಕೂತಳು. "ಎಷ್ಟಕ್ಕ?" ಅಂದಳು.

"ಸೊನ್ನೆ."

ಬಾಟಲಿ ತೆಗೆದಾಗಿನಿಂದ ಹಿಂಡಿ ಚೆಲ್ಲಿದ್ದ ಹಾಲಿಗಾಗಿ ಸಂಕಟಪಟ್ಟುಕೊಂಡಿದ್ದ ಮರಿ, ಅವತ್ತು ಮನೆಗೆ ಹೋಗಿ ಕೂಸನ್ನು ಎದೆಗವಚಿಕೊಂಡು ಕುಡಿಸಿದಳು. ಆಮೇಲೆ ದಿನವೂ ಕುಡಿಸಿದಳು.

ಈಗ ಈ ದಿನದ ಕತೆ. ಬೆಳಗ್ಗೆ ಒಬ್ಬ ಹೊಲಿಗೆ ಕೆಲಸದ ಹೆಂಗಸು, ನಿನ್ನೆ ಗುಳಿಗೆ ನುಂಗಿದ್ದವಳು, ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅವಳನ್ನು ಕರೆಯುವ ಮೊದಲು ಮರಿ ಯಂತ್ರ ಹಾಕಿ, ಸಾಮಾನ್ಯವಾಗಿ ಆರಿಸಿಡುವ ಅದರ ಟಿಕ್ ಟಿಕ್ ಸದ್ದನ್ನೂ ಇವತ್ತು ಹಾಕಿಕೊಂಡು, ಕುರ್ಚಿ ಒರೆಸಲು ಬಗ್ಗಿದಳು. ಅಪರೂಪಕ್ಕೊಂದು ಬರುತ್ತಿದ್ದ ಟಿಕ್ಕು ಒಮ್ಮೆಗೇ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಶುರುವಾಯಿತು.

"ಅಯ್ಯೋ, ಯಾರಪ್ಪ ಇದು ಕುರ್ಚಿಗೆ ಬಳಿದು ಹೋದೋರು!" ಅಂತ ಮರಿ ಗೊಣಗಿದಳು. ಇಂಥದ್ದು ಹೊಸದೇನಲ್ಲ. ರೋಗಿಗಳ ಬೆವರಲ್ಲಿ, ಎಂಜಲಲ್ಲಿ ಅಯೋಡಿನ್ ಇರುತ್ತದೆ, ಒಬ್ಬರು ಸೀನಿದರೆ ಸಾಕು. ಕೈಗವಸು ಹಾಕಿಕೊಂಡು ಬೆನ್ನೊರಗು, ತೋಳು, ಕಾಲು ಎಲ್ಲ ತಿಕ್ಕಿದಳು. ಬಟ್ಟೆ ಬಿಸಾಡಿ ಬೇರೆ ಬಟ್ಟೆ ತರಲು ಕಪಾಟಿನ ಹತ್ತಿರ ಹೋದಾಗ ಸದ್ದು ಇಳಿಯಿತು. ಹಾಂ, ಹೋಯಿತು ಪೀಡೆ ಅಂದುಕೊಂಡಳು. ವಾಪಸ್ ಬಂದು ಬಗ್ಗಿದರೆ ಮತ್ತೆ ಅದೇ ಚಟಪಟ. ಕುರ್ಚಿಯನ್ನೇ ಎಳೆದು ಕಾರಿಡಾರಿಗೆ ಹಾಕಿ, ಡಾಕ್ಟರ ಕೋಣೆಯಿಂದ ಬೇರೆ ಕುರ್ಚಿ ತಂದಳು. ಅದನ್ನು ಸೊಂಡಿಲಿನ ಮುಂದೆ ಇಡುವುದೇ ತಡ, ಯಂತ್ರ ಬೊಬ್ಬೆ ಹೊಡೆಯಿತು. ಹೊಲಿಗೆಯಾಕೆ ಬಾಗಿಲಲ್ಲಿ ಇಣುಕಿ, "ಏನಮ್ಮ, ಮನೆ ಖಾಲಿ ಮಾಡ್ತಿದ್ದೀರಾ?" ಅಂದಳು. ಮರಿಗೆ ನಗು ಬಂತು. ತಂದ ಕುರ್ಚಿಯೂ ಕೆಟ್ಟಿದೆಯೇ? ಡಾಕ್ಟರ ಕುರ್ಚಿಗೆ ಯಾರು ಸೀನುತ್ತಾರೆ?

ಆ ಕುರ್ಚಿಯನ್ನೂ ಬದಿಗೆ ತಳ್ಳಿದಳು. ಕೈಗವಸು ಕಳಚಿದಳು, ಮೇಲಂಗಿ ಕಳಚಿ ಗೂಟಕ್ಕೆ ಹಾಕಿದಳು, ಕೈ ತೊಳೆದಳು. ಸೊಂಡಿಲಿನ ಮುಂದೆ ಈಗ ಬರೀ ಗೋಡೆ. ಟಿಕ್. ಸುಮ್ಮನೆ. ಟಿಕ್. ಮರಿ ಬರಿಗೈಯಲ್ಲಿ ಬಂದು, ಎಲ್ಲ ರೋಗಿಗಳಿಗೂ ಹೇಳಿಕೊಡುವ ಹಾಗೆ, ಗದ್ದ ಎತ್ತಿ ಅದರ ಮುಂದೆ ನಿಂತಳು.

ಸಾಸಿವೆ ಸಿಡಿಯಿತು.

ಎದೆ ಧಸಕ್ಕೆಂದಿತು ಅಂತ ಹೇಳಿಬಿಡಬಹುದು, ಆದರೆ ಮೊದಲು ಆದದ್ದು ಅದಲ್ಲ. ಮೊದಲು ಅವಳು ಅಕ್ಕನಿಗಾಗಿ ನೆಪ ಹುಡುಕಿದಳು. ಅವತ್ತು ಯಂತ್ರ ಬೇರೆ ಔಷಧಿಗೆ ಹೊಂದಿಸಿತ್ತೇನೋ. ಇಲ್ಲ, ಆ ಬೆಳಗ್ಗೆ ಮಾವನೋರನ್ನು ಅಳೆದದ್ದು ತಾನೇ, ಸರಿಯಾಗಿತ್ತು. ಸೊಂಡಿಲು ವಾರೆಯಾಗಿತ್ತೇನೋ. ಇಲ್ಲ, ಗದ್ದಕ್ಕೆ ತಾಗುವ ಹಾಗೆ ಇಟ್ಟದ್ದು ನೆನಪಿದೆ. ಅದಾದ ಮೇಲೆ ಬೇರೆ ಬಾಟಲಿ ತೆಗೆದೆನೇ? ಇಲ್ಲ. ಒಂದೊಂದೇ ನೆಪ ಕೈಕೊಟ್ಟಿತು. ಉಳಿದದ್ದು ಒಂದೇ. ಅಕ್ಕ ಸ್ಕ್ರೀನ್ ನೋಡಿದ್ದಳು, ನೋಡಿಯೂ ಸೊನ್ನೆ ಅಂದಿದ್ದಳು. ಆಗ ಎದೆ ಧಸಕ್ಕೆಂದಿತು. ಯಾಕೆಂದರೆ ಆಗ ನೆನಪಾದದ್ದು ತನ್ನ ಕುತ್ತಿಗೆಯಲ್ಲ, ಕೂಸಿನ ಬಾಯಿ.

ಬಾಟಲಿ ಕೋಣೆಯಲ್ಲಿ ಅಕ್ಕ ಹಳೆಯ ಸೀಸದ ಡಬ್ಬಿಗಳನ್ನು ಜೋಡಿಸುತ್ತಿದ್ದಳು. ಸೀಸದ ಮುಚ್ಚಳ ಅಂದರೆ ಸಣ್ಣ ಭಾರವಲ್ಲ. ಅದನ್ನು ಬ್ಯಾಂಡೇಜಿದ್ದ ಕೈಯಲ್ಲೇ ಎತ್ತಿ ಎತ್ತಿ ಇಡುತ್ತಿದ್ದಳು.

"ಕೈ ವಾಸಿಯಾಯ್ತಾ ಅಕ್ಕ?"

ಅಕ್ಕ ಕೈ ನೋಡಿಕೊಂಡಳು. ಮುಚ್ಚಳ ಕೆಳಗಿಟ್ಟಳು. "ಹೂಂ, ಪರವಾಗಿಲ್ಲ."

"ಅವತ್ತು ನನ್ನ ಕುತ್ತಿಗೇಲಿ ಎಷ್ಟಿತ್ತು?"

"ಸೊನ್ನೆ ಅಂದೆನಲ್ಲೇ."

"ಈಗ ಚಟಪಟ ಅಂತಿದೆ. ಬಂದು ಕೇಳಿ."

ಅಕ್ಕ ಬರಲಿಲ್ಲ. ಹೌದಾ ಅಂತ ಹೌಹಾರಲಿಲ್ಲ, ಯಂತ್ರ ಕೆಟ್ಟಿರಬೇಕು ಅನ್ನಲಿಲ್ಲ. ಬರೀ ಒಂದು ಉಸಿರು ಬಿಟ್ಟು ಸ್ಟೂಲಿನ ಮೇಲೆ ಕೂತಳು. ಮರಿಗೆ ಉತ್ತರ ಸಿಕ್ಕಿತು.

"ಜಾಸ್ತಿಯೇನೂ ಇರಲಿಲ್ಲ ಮರಿ. ದೊಡ್ಡೋರಿಗೆ ಅದು ಲೆಕ್ಕಕ್ಕೇ ಇಲ್ಲ. ನೀನು ಗಾಬರಿಯಾಗ್ತೀಯ ಅಂತ..."

"ಫ್ಯಾನು ಹೊಸದು ಅಂದಿರಿ."

"ಹಳೇದು ಎಳೀತಿರಲಿಲ್ಲ, ಹೊಸದು ಹಾಕಿಸಬೇಕು ಅಂತಲೇ ಇದ್ದೆ. ತಪಾಸಣೆಗೆ ಬಂದವರ ಮುಂದೆ ಹಾಕಿಸಿದೀವಿ ಅಂದುಬಿಟ್ಟಿದ್ದೆ. ಆಮೇಲೆ ಬಾಯಿ ಬಿಟ್ಟರೆ ಕೋಣೆಗೆ ಬೀಗ ಜಡೀತಿದ್ರು, ನನ್ನನ್ನ ಆಚೆ ಹಾಕ್ತಿದ್ರು. ಹೋದ ತಿಂಗಳು ನೀನು ಎರಡು ದಿನ ರಜೇಲಿದ್ದಾಗ ನನ್ನ ಕುತ್ತಿಗೆ ನಾನೇ ಹೇಗೋ ಅಳೆದುಕೊಂಡೆ. ಇತ್ತು. ಆಗಿಂದ ಆ ಗೂಡು ಕಂಡ್ರೆ ಕೈ ನಡುಗುತ್ತೆ ಕಣೇ."

"ನಿಮ್ಮ ಕೈ ನಡುಗುತ್ತೆ ಅಂತ ನನ್ನ ಕೈ ಹಾಕಿಸಿದ್ರಾ?"

"ನೀನು ಚುರುಕು, ಬೇಗ ಮುಚ್ಚಿಬಿಡ್ತೀಯ ಅಂದುಕೊಂಡೆ. ಮಗು ವಿಷಯ ಆ ಹೊತ್ತಿಗೆ ಹೊಳೀಲಿಲ್ಲ."

ಹೊಳೆಯಲಿಲ್ಲವಂತೆ! "ಸೊನ್ನೆ ಅಂದ ದಿನ ಮಧ್ಯಾಹ್ನ ನಾನು ಉಗ್ರಾಣದಲ್ಲಿ ಹಾಲು ಹಿಂಡುವಾಗ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದು ಯಾರಕ್ಕ? ಬಾಟಲಿ ಫ್ರಿಜ್ಜಲ್ಲಿಟ್ಟು, ಇವತ್ತು ಚೆಲ್ಲಬೇಡ, ತಗೊಂಡು ಹೋಗು ಅಂದಿದ್ದು ಯಾರು? ನಂಬಿಸಿ ಕತ್ತು ಕೊಯ್ದ್ರಲ್ಲ!"

ಅಕ್ಕ ಅತ್ತಳು. ಮರಿಗೆ ಅಳು ಬರಲಿಲ್ಲ. ಒಂದು ಕ್ಷಣ ಅಕ್ಕನ ಬೆನ್ನು ಸವರಬೇಕೆಂದು ತನ್ನ ಕೈ ತಾನಾಗಿ ಮುಂದೆ ಹೋದದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಡಾಕ್ಟರು ಊರಲ್ಲಿರಲಿಲ್ಲ. ಫೋನಿನಲ್ಲಿ ಸಿಕ್ಕರು. ಕುತ್ತಿಗೆಯಲ್ಲಿ ಅಯೋಡಿನ್ ಇದೆ, ಹಾಲು ಕುಡಿಸಿದ್ದೇನೆ ಅಂತ ಮರಿ ಹೇಳಿದಳು. ಯಾರ ದೆಸೆಯಿಂದ ಅನ್ನುವುದನ್ನು ಹೇಳಹೊರಟರೆ ನಾಲಿಗೆ ಹೊರಳಲಿಲ್ಲ, ಎದುರಿಗೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಡಾಕ್ಟರು ಬೈಯಲಿಲ್ಲ, ಅದೇ ಹೆದರಿಕೆಯಾಯಿತು. "ಇನ್ನು ಒಂದು ಹನಿ ಕುಡಿಸಬೇಡ. ಮಗುವನ್ನ ಈಗಲೇ ತರಿಸಿ ಅಳೆಯಿರಿ. ಸಣ್ಣ ಕುತ್ತಿಗೆ, ಇದ್ದರೂ ಸ್ವಲ್ಪವೇ ಇರುತ್ತೆ, ನಿನ್ನ ಕುತ್ತಿಗೆ ಹತ್ತಿರ ಇದ್ದರೆ ಎಣಿಕೆ ಕೆಡುತ್ತೆ. ಮಗುವನ್ನ ಅಳೆಯುವಾಗ ನೀನು ಆ ಕೋಣೆಗೆ ಕಾಲಿಡಬೇಡ. ಅಕ್ಕ ಅಳೆಯಲಿ."

ಅಕ್ಕ ಅಳೆಯಲಿ! ಆದರೆ ಬೇರೆ ಯಾರಿದ್ದಾರೆ? ಆ ಯಂತ್ರ ನಡೆಸಲು ಬರುತ್ತಿದ್ದದ್ದು ಆ ಕಟ್ಟಡದಲ್ಲಿ ಇಬ್ಬರಿಗೆ.

ಹೊಲಿಗೆಯಾಕೆಯ ಕುತ್ತಿಗೆಯನ್ನು ಮರಿಯ ಕೈಗಳು ತಾವಾಗಿಯೇ ಅಳೆದು ಮುಗಿಸಿದವು. ಅಷ್ಟರಲ್ಲಿ ಗಂಡ ಕೂಸನ್ನು ಎತ್ತಿಕೊಂಡು ಬಂದ. ಅವನು ಬಸ್ ಕಂಡಕ್ಟರ್, ಮನೆಯೊಳಗೂ ಬಸ್ಸಿನ ಗಂಟಲಲ್ಲೇ ಮಾತಾಡುವವನು. ಕೂಸು ಅಮ್ಮನನ್ನು ಕಂಡದ್ದೇ ತಡ, ಎರಡೂ ಕೈ ಚಾಚಿ ಮುಂದಕ್ಕೆ ಬಾಗಿತು.

"ರೀ, ನನ್ನ ಹತ್ತಿರ ಕೊಡಬೇಡಿ. ಒಳಗೆ ಹೋಗಿ. ಮೊದಲು ಪಾಪುವನ್ನ ಮೇಲಿಂದ ಕರೆಸಿರೋ ನರ್ಸ್ ಕೈಲಿ ಕೊಟ್ಟು ನೀವೊಬ್ಬರೇ ಕೂತ್ಕೊಳ್ಳಿ, ಆಮೇಲೆ ಪಾಪುವನ್ನ ತೊಡೆ ಮೇಲೆ ಕೂರಿಸಿಕೊಳ್ಳಿ. ಅಕ್ಕ ಎರಡು ಸಲ ಎಣಿಸ್ತಾರೆ."

"ಏನಾಯ್ತೇ? ಯಾಕೆ ಮುಖ ಹೀಗಾಗಿದೆ?"

"ಆಮೇಲೆ ಹೇಳ್ತೀನಿ. ಹೋಗಿ."

ಮರಿ ಕಾರಿಡಾರಿನ ಆ ತುದಿಗೆ, ಲಾಂಡ್ರಿ ಬಾಗಿಲ ಹತ್ತಿರ, ಬೆಳಗ್ಗೆ ತಾನೇ ಆಚೆ ಎಸೆದಿದ್ದ ಕುರ್ಚಿಯ ಮೇಲೆ ಕೂತಳು. ಪಾಪ, ಆ ಕುರ್ಚಿಯದ್ದು ಏನೂ ತಪ್ಪಿರಲಿಲ್ಲ. ಒಳಗಿಂದ ಕೂಸಿನ ರಾಗ, ಗಂಡ ಲಾಲಿಸುವುದು, ಆಮೇಲೆ ನಿಶ್ಶಬ್ದ. ಎರಡೂ ಎಣಿಕೆ ಒಂದೇ ಬರಲಿ, ಒಂದೇ ಬರಲಿ ಅಂತ ಅವಳು ಅಂಗೈ ಉಗುರಲ್ಲಿ ಒತ್ತಿಕೊಂಡಳು. ಒಂದೇ ಬಂದರೆ ಕೂಸಿನ ಕುತ್ತಿಗೆಯಲ್ಲಿ ಏನೂ ಇಲ್ಲ. ಬಂದುಬಿಟ್ಟರೆ ಅಕ್ಕನನ್ನು ಕ್ಷಮಿಸಿಬಿಡುತ್ತೇನೆ ಅಂತಲೂ ಅಂದುಕೊಂಡಳು, ನಿಜವಾಗಿ ಅಂದುಕೊಂಡಳು.

ಬಾಗಿಲು ತೆರೆಯಿತು. ಅಕ್ಕ ಹೊಸ್ತಿಲಲ್ಲಿ ನಿಂತು, ಎಂದಿನ ಅದೇ ದನಿಯಲ್ಲಿ, "ಸೊನ್ನೆ ಕಣೇ," ಅಂದಳು.

ಮರಿಯ ಮೈ ಸಡಿಲವಾಯಿತು. ಕುರ್ಚಿಯಿಂದ ಎದ್ದಳು. ಕಣ್ಣಲ್ಲಿ ನೀರು ತುಂಬಿತು. ಅಕ್ಕ ಅಂತ ಬಾಯಿ ತೆರೆದಳು, ಅಷ್ಟರಲ್ಲಿ ಆ ದನಿ ಕಿವಿಯಲ್ಲಿ ಇನ್ನೊಮ್ಮೆ ಕೇಳಿತು. ಅದೇ ದನಿ. ಅದೇ ಮಾತು. ಅದೇ ಕುರ್ಚಿಯಲ್ಲಿ ಕೂತು ತಾನು ಕೇಳಿದ್ದು.

"ರೀ!" ಅಂತ ಕೂಗಿದಳು. "ಗೋಡೆ ಹಿಂದೆ ಸ್ಕ್ರೀನ್ ಇದೆ. ಎರಡು ಸಾಲು ಇರುತ್ತೆ. ಓದಿ."

"ಬೇಡ ಮರಿ," ಅಂದಳು ಅಕ್ಕ. "ಅವರಿಗೆ ಅದೆಲ್ಲ ಅರ್ಥ ಆಗಲ್ಲ..."

"ಅವರು ಅರ್ಥ ಮಾಡಿಕೊಳ್ಳೋದು ಬೇಡ. ಓದಿದರೆ ಸಾಕು."

ಒಳಗಿಂದ ಗಂಡನ ಗಂಟಲು ಇಡೀ ಕಾರಿಡಾರಿಗೆ ಕೇಳುವ ಹಾಗೆ ಬಂತು, ಮುಂದಿನ ಸ್ಟಾಪು ಕೂಗುವ ಹಾಗೆ. "ನಾನೊಬ್ಬನೇ ಕೂತಾಗ ನೂರಾ ತೊಂಬತ್ತು! ಪಾಪು ಜೊತೆ ಇನ್ನೂರಾ ಎಂಬತ್ತು!" ಆಮೇಲೆ ಸ್ವಲ್ಪ ತಡೆದು, "ಯಾಕೆ, ಜಾಸ್ತಿ ಬಂದ್ರೆ ಒಳ್ಳೇದಾ?"

ಲಾಂಡ್ರಿಯ ಯಂತ್ರ ತಿರುಗುತ್ತಲೇ ಇತ್ತು.

"ನಿನ್ನ ಮುಖ ನೋಡಕ್ಕಾಗಲಿಲ್ಲ ಮರಿ," ಅಂದಳು ಅಕ್ಕ. "ಹೇಗೆ ಹೇಳಲಿ? ಸ್ವಲ್ಪವೇ ಇರೋದು, ಡಾಕ್ಟರು ನೋಡ್ಕೋತಾರೆ..."

"ನೀವು ನೋಡಬೇಕಾಗಿದ್ದು ನನ್ನ ಮುಖ ಅಲ್ಲ ಅಕ್ಕ. ಸ್ಕ್ರೀನು. ಅಲ್ಲಿರೋದನ್ನ ಹೇಳೋದಷ್ಟೇ ನಿಮ್ಮ ಕೆಲಸ ಇತ್ತು. ಎರಡು ಸಲ."

ಅವಳು ಫೋನ್ ತೆಗೆದು ಡಾಕ್ಟರಿಗೆ ಮತ್ತೆ ಮಾಡಿದಳು. ಈ ಸಲ ನಾಲಿಗೆ ಹೊರಳಿತು. ಫ್ಯಾನು, ಬ್ಯಾಂಡೇಜು, ಮೊದಲ ಸೊನ್ನೆ, ಎರಡನೆಯ ಸೊನ್ನೆ, ಎಲ್ಲ ಅಕ್ಕನ ಎದುರಿಗೇ ಹೇಳಿದಳು. ಅಕ್ಕ ತಡೆಯಲಿಲ್ಲ. ಕೇಳುತ್ತ ಕೇಳುತ್ತ ಮಣಿಕಟ್ಟಿನ ಬ್ಯಾಂಡೇಜನ್ನು ಬಿಚ್ಚಿ, ಸುರುಳಿ ಸುತ್ತಿ, ಮೇಲಂಗಿಯ ಜೇಬಿಗೆ ಹಾಕಿಕೊಂಡಳು. ಡಾಕ್ಟರು ಯಾರನ್ನೂ ಬಾಟಲಿ ಕೋಣೆಗೆ ಬಿಡಬೇಡ ಅಂದರು. ಮಗುವನ್ನು ಮಕ್ಕಳ ಡಾಕ್ಟರಿಗೆ ತೋರಿಸು, ಅಯೋಡಿನ್ ದಿನದಿನಕ್ಕೆ ಇಳಿಯುತ್ತದೆ, ಆದರೆ ಗ್ರಂಥಿಯನ್ನು ವರ್ಷಗಟ್ಟಲೆ ಗಮನಿಸುತ್ತಿರಬೇಕು ಅಂದರು.

ಗಂಡ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಹಸಿದಿತ್ತು. ಅಮ್ಮನನ್ನು ಕಂಡು ಅದು ಬಾಯಿ ತೆರೆಯಿತು, ಅಳಲು ಅಲ್ಲ, ಕುಡಿಯಲು. ಮರಿಯ ಎದೆ ಆ ಸದ್ದಿಗೇ ಒಸರಿ ರವಿಕೆ ಒದ್ದೆಯಾಯಿತು. ಮೈಗೇನು ಗೊತ್ತು. ಅವಳು ಎರಡೂ ತೋಳು ಎದೆಗೆ ಅಡ್ಡ ಕಟ್ಟಿಕೊಂಡಳು.

"ಮರಿ, ಉಗ್ರಾಣಕ್ಕೆ ಹೋಗು," ಅಂದಳು ಅಕ್ಕ ಮೆಲ್ಲಗೆ, ಅಭ್ಯಾಸಬಲದಿಂದ. "ಬಾಗಿಲಲ್ಲಿ ನಾನು ನಿಂತಿರ್ತೀನಿ."

"ಬೇಡ," ಅಂದಳು ಮರಿ. "ರೀ, ನೀವು ಬಂದು ನಿಲ್ಲಿ."

ಉಗ್ರಾಣದೊಳಗೆ ಅವಳು ಹಾಲು ಹಿಂಡಿ ಸಿಂಕಿಗೆ ಚೆಲ್ಲಿದಳು. ಬಾಗಿಲ ಆಚೆ ಗಂಡನ ಹೆಗಲ ಮೇಲೆ ಕೂಸು ಹಾಲಿಗಾಗಿ ಕಿರುಚುತ್ತಿತ್ತು. ಅವಳು ನಲ್ಲಿ ಜೋರಾಗಿ ತಿರುಗಿಸಿದಳು, ಆದರೂ ಕೇಳಿಸುತ್ತಿತ್ತು.